ಕೆಟಲ್ ಮುಚ್ಚಳದ ಹಿಡಿ

ಕುರ್ಲಾದಲ್ಲಿ ನಾನು ನೋಡಿಕೊಳ್ಳುವ ವರ್ಕ್‌ಶಾಪಿಗೆ ಇಂಗ್ಲೆಂಡಿನ ಕೆಟಲ್ ಕಂಪನಿಯವನೊಬ್ಬ ಬಂದಿದ್ದ. ಮೊದಲು ಮಾಲನ್ನು ಯುರೋಪಿನಿಂದ ತರಿಸುತ್ತಿದ್ದರಂತೆ. ಅವರ ದೇಶ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಗಡಿಯಲ್ಲಿ ಕಾಗದಪತ್ರದ ಕಾಟ ತಡೆಯಲಾಗದೆ ನಮ್ಮನ್ನು ಹುಡುಕಿಕೊಂಡು ಬಂದಿದ್ದ.

"ಇನ್ನು ಮೇಲೆ ಎಲ್ಲವನ್ನೂ ನಮ್ಮ ದೇಶದಲ್ಲೇ ತಯಾರಿಸುತ್ತೇವೆ" ಎಂದ.

"ಮತ್ತೆ ನಾವೇನು ಮಾಡಬೇಕು?"

"ಕೆಟಲ್ ಮಾಡಬೇಕು. ಮುಚ್ಚಳದ ಹಿಡಿಗಳನ್ನು ಮಾತ್ರ ಬೇರೆ ಪೊಟ್ಟಣ ಕಟ್ಟಿ ಕಳಿಸಿ. ನಮ್ಮ ಫ್ಯಾಕ್ಟರಿಯಲ್ಲಿ ಅವನ್ನು ಸ್ಕ್ರೂ ಹಾಕಿ ಕೂರಿಸುತ್ತೇವೆ. ಆಗ ಅದು ಇಂಗ್ಲೆಂಡಿನ ಕೆಟಲ್."

ನಮ್ಮ ಫಿಟ್ಟರ್ ವಿಜಯಪುರದ ಕಡೆಯ ಬಸಪ್ಪ. ಅವನಿಗೆ ಇದನ್ನು ಹತ್ತು ಸಲ ಹೇಳಿದ್ದೆ. ಆದರೂ ಮೊದಲ ಲೋಡಿನ ಅಷ್ಟೂ ಕೆಟಲ್‌ಗಳಿಗೆ ಹಿಡಿ ಕೂರಿಸಿಯೇ ಕಳಿಸಿದ್ದ. ನನಗೆ ಗೊತ್ತಾದದ್ದು ಇಂಗ್ಲೆಂಡಿನಿಂದ ಫೋನ್ ಬಂದಾಗ! ಆರ್ಡರು ಕೈತಪ್ಪಿದರೆ ನಾನೂ ಬಸಪ್ಪನೂ ಕೆಲಸ ಬಿಟ್ಟು ಊರಿನ ಗಾಡಿ ಹತ್ತಬೇಕಿತ್ತು. ಫೋನಿಗೆ ಕೈ ಅಡ್ಡ ಹಿಡಿದು ಬಸಪ್ಪನ ಮೇಲೆ ರೇಗಿದೆ.

"ಬೋಳು ಮುಚ್ಚಳ ಹ್ಯಾಂಗ ಕಳಸೂದ್ರೀ ಸಾಹೇಬ್ರ? ಅರ್ಧಾ ಕೆಲಸಾ ಮಾಡ್ಯಾರ ಅಂತ ಮಂದಿ ನಗೂದಿಲ್ಲೇನ್ರಿ?" ಅಂದ.

ಫೋನಿನವನದು ಬೇರೆಯೇ ಗೋಳು. "ಈಗ ನಮ್ಮ ಕೆಲಸಗಾರರು ಏನು ಮಾಡಬೇಕು?"

"ಹಿಡಿ ಬಿಚ್ಚಿ ಮತ್ತೆ ಹಾಕಲಿ!" ಎಂದೆ, ತಲೆಕೆಟ್ಟು.

ಅವನು ಗಂಭೀರವಾಗಿ ಕೇಳಿದ, "ಹಾಗಾದರೆ ಸ್ಕ್ರೂಡ್ರೈವರ್‌ಗಳನ್ನೂ ನೀವೇ ಕಳಿಸುತ್ತೀರಾ?"

ಕಳಿಸಿದ್ದೇನೆ. ಅವುಗಳ ಹಿಡಿಗಳನ್ನು ಬೇರೆ ಪೊಟ್ಟಣ ಕಟ್ಟಿಸಿದ್ದೇನೆ.