ಮೊದಲು ಒಂದು ವಾರ ಜೋಳ

ನವಲಗುಂದದ ಈ ಓಣಿಯಲ್ಲಿ ಬೇರೆ ಯಾವ ಮನೆಯ ದೀಪವೂ ಇನ್ನೂ ಹೊತ್ತಿಲ್ಲ. ಬೆಳಗಿನ ನಮಾಜು ಮುಗಿಸಿದ ಜಮೀಲಾಬಿ ಅಡುಗೆಮನೆಯ ಬಲ್ಬಿನ ಕೆಳಗೆ ಕಾಲು ಚಾಚಿ ಕೂತಿದ್ದಾರೆ. ಬಿಳಿ ಬಟ್ಟೆಯ ಪುಟ್ಟ ಚೀಲಕ್ಕೆ ಅಳತೆಯ ಲೋಟದಿಂದ ಜೋಳ ಸುರಿಯುತ್ತಾರೆ, ಅಂಗೈ ಮೇಲಿಟ್ಟು ನೋಡುತ್ತಾರೆ, ಒಂದು ಚಿಟಿಕೆ ತೆಗೆಯುತ್ತಾರೆ, ಬಾಯಿ ಹೊಲಿಯುತ್ತಾರೆ. ಒಂದಾಯಿತು, ಇನ್ನೊಂದು ಆಗಬೇಕು. ಆಮೇಲೆ ಹುಬ್ಬಳ್ಳಿಯ ಮೊದಲ ಬಸ್ಸು. ಪಕ್ಕದಲ್ಲಿ ಸೊಸೆ ನಾಜಮೀನ್ ರೊಟ್ಟಿ ಬಡಿಯುತ್ತಿದ್ದಾಳೆ. ಮೂಲೆಯ ಮಂಚದ ಮೇಲೆ ಜಮೀಲಾಬಿಯ ಅತ್ತೆ, ಮುದುಕಿ ಫಾತಿಮಾಬಿ, ಅಂಥದೇ ಒಂದು ಚೀಲವನ್ನು ಬಿಸಿ ಮಾಡಿಸಿಕೊಂಡು ಮೊಣಕಾಲಿಗೆ ಕಟ್ಟಿಕೊಂಡಿದ್ದಾರೆ.

"ಶಾಖ ಕೊಡೋ ಚೀಲ ಅಂತ ಹೇಳ್ಕೊಂಡು ಬಂದೀನ್ರಿ," ಎನ್ನುತ್ತಾರೆ ಜಮೀಲಾಬಿ, ಸೂಜಿಯಿಂದ ಕಣ್ಣೆತ್ತದೆ. "ಮನ್ಯಾಗೂ ಹಂಗ, ಓಣ್ಯಾಗೂ ಹಂಗ. ನಾನು ಎಲುಬಿನ ದವಾಖಾನ್ಯಾಗ ಆಯಾ ಅಂತ ಎಲ್ಲಾರೂ ತಿಳಕೊಂಡಾರ. ಮಣಕಾಲು ನೋವು ಅಂತ ಬಂದವ್ರಿಗೆ ಒಂದೊಂದು ಕೊಟ್ಟೂ ಕಳಿಸೀನಿ. ನಾಚಿಕಿ ಮುಚ್ಚಾಕ ಎಷ್ಟು ಜ್ವಾಳ ಹಂಚೀನೋ ಏನೋ."

ಅವರು ಕೆಲಸ ಮಾಡುವುದು ಹುಬ್ಬಳ್ಳಿಯ ಒಂದು ಚಿಕ್ಕ ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ಕಿನಲ್ಲಿ. ಸುಟ್ಟ ಗಾಯದವರು, ಸೀಳುತುಟಿಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಎದೆ ತುಂಬಿಸಿಕೊಳ್ಳಲು ಬರುವ ಹೆಣ್ಣುಮಕ್ಕಳೂ ಇದ್ದಾರೆ. ಸಿಲಿಕಾನ್ ಅಥವಾ ಉಪ್ಪುನೀರು ತುಂಬಿದ ಮೆತ್ತನೆಯ ಚೀಲವನ್ನು ಶಸ್ತ್ರಚಿಕಿತ್ಸೆ ಮಾಡಿ ಎದೆಯೊಳಗೆ ಕೂರಿಸುತ್ತಾರೆ. ಇಂಪ್ಲಾಂಟ್ ಎಂಬ ಹೆಸರು ಪೇಟೆಯವರಿಗೆ ಗೊತ್ತು. ಹಳ್ಳಿಯಿಂದ ಬರುವವರಲ್ಲಿ ಅದಕ್ಕೆ ಹೆಸರೇ ಇಲ್ಲ, 'ಅದು' ಅನ್ನುತ್ತಾರೆ.

ಬರುವವರೆಲ್ಲ ಗೋಡೆ ಕಡೆ ಮುಖ ಮಾಡಿ ಕೂರುತ್ತಾರಂತೆ. "ಗೆಳತಿ ಸಲುವಾಗಿ ಕೇಳಾಕ ಬಂದೀನಿ ಅಂತಾರ್ರಿ. ಆ ಗೆಳತಿ ಎಲ್ಲಾರಿಗೂ ಇರ್ತಾಳ. ನಾನೂ ಹೂಂ ಅಂತೀನಿ. ಹಂಗಾರ ಆಕಿ ಬದಲು ನೀನ ಒಂದ್ ವಾರ ಇದನ್ನ ಹಾಕ್ಕೊಂಡು ಆಕಿಗೆ ಹೇಳವಾ ಅಂತೀನಿ. ಆಗ ನಗತಾರ. ನಕ್ಕ ಮ್ಯಾಲ ಮಾತು."

ಅಳತೆಗೆ ಅಕ್ಕಿ ತುಂಬಿದ ಚೀಲವನ್ನು ಬಾಡಿಯೊಳಗೆ ಇಟ್ಟುಕೊಂಡು ನೋಡುವ ಪದ್ಧತಿ ಬೇರೆ ಕಡೆ ಇದೆ ಎಂದು ಮೊದಲು ಹೇಳಿದವರು ಕ್ಲಿನಿಕ್ಕಿನ ಡಾಕ್ಟರಬಾಯಿ. ಹೊಲಿಗೆ ಬರುತ್ತದಲ್ಲ, ನಾಲ್ಕು ಚೀಲ ಹೊಲಿ ಎಂದರು. ಜಮೀಲಾಬಿಯ ತವರು ಜಮಖಾನ ನೇಯುವ ಮನೆ. ಗಂಡ ಇಮಾಮಹುಸೇನ ಪೇಟೆಯಲ್ಲಿ ದರ್ಜಿ. ಆತ ತೀರಿಕೊಂಡ ಮೇಲೆ ಮಶೀನು ಇವರ ಪಾಲಿಗೆ ಬಂತು. ಅದರಲ್ಲಿ ಓಣಿಯವರ ಜಂಪರು ಹೊಲಿಯುತ್ತಲೇ ಮಗ ಅಕೀಲ್‌ನನ್ನು ಓದಿಸಿ, ಆಮೇಲೆ ಆಯಾ ಕೆಲಸಕ್ಕೆ ಸೇರಿದ್ದು. ಚೀಲ ಹೊಲಿದರು, ಆದರೆ ಅಕ್ಕಿಯ ಬದಲು ಜೋಳ ತುಂಬಿದರು. "ಅಕ್ಕಿ ಮೂಲಿ ಹಿಡಿದು ಚುಚ್ಚತೈತ್ರಿ. ಜ್ವಾಳ ದುಂಡಗ, ಮೈ ಹೊರಳಿದಂಗ ತಾನೂ ಹೊರಳತೈತಿ."

ಡಾಕ್ಟರಬಾಯಿ ಟೇಬಲ್ಲಿನ ಮೇಲೆ ಮಾದರಿಗಳನ್ನಿಟ್ಟು ವಿವರಿಸುತ್ತಾರೆ. ಸಿಲಿಕಾನಿನದು ಮೆತ್ತಗೆ, ಮೈಯಂತೆಯೇ ಇರುತ್ತದೆ, ಆದರೆ ಒಳಗೆ ಒಡೆದರೆ ಹೊರಗೆ ಗೊತ್ತಾಗುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿ ನೋಡಬೇಕು. ಉಪ್ಪುನೀರಿನದು ಒಡೆದರೆ ಎದೆ ಇಳಿದು ತಿಳಿಯುತ್ತದೆ, ನೀರನ್ನು ಮೈ ಹೀರಿಕೊಳ್ಳುತ್ತದೆ, ಆದರೆ ಮುಟ್ಟಿದರೆ ಸುಕ್ಕು ಸಿಗಬಹುದು. ದುಂಡನೆಯದು ಒಳಗೆ ತಿರುಗಿದರೂ ಆಕಾರ ಕೆಡದು. ಮೇಲೆ ಸಪೂರ, ಕೆಳಗೆ ತುಂಬಿದ್ದು ಇನ್ನೊಂದು. ಅದು ನೋಡಲು ಸಹಜ, ತಿರುಗಿದರೆ ಮಾತ್ರ ಸೊಟ್ಟ. ಯಾವುದೂ ಜನ್ಮಪೂರ್ತಿ ಬಾಳುವುದಲ್ಲ, ಮುಂದೆ ಬದಲಿಸಬೇಕಾಗಬಹುದು. ಎಲ್ಲ ಕೇಳಿಸಿಕೊಂಡು, ಎಲ್ಲದಕ್ಕೂ ತಲೆಯಾಡಿಸಿ, ಹೊರಗೆ ಬಂದು ಹೆಣ್ಣುಮಕ್ಕಳು ಜಮೀಲಾಬಿಯ ಸೆರಗು ಹಿಡಿಯುತ್ತಾರೆ. ಅಕ್ಕಾ, ಯಾವುದು ಚಲೋ?

"ನಾನು ಹೇಳಂಗಿಲ್ರಿ. ಅದು ಡಾಕ್ಟರಬಾಯಾರ ಕೆಲಸ, ಹಾಕಿಸ್ಕೊಳ್ಳಾಕಿ ಕೆಲಸ. ನಂದು ಜ್ವಾಳ. ಕನ್ನಡಿ ಮುಂದ ನಿಂತು ಆರಿಸಬ್ಯಾಡ, ದುಡಿಮ್ಯಾಗ ಆರಿಸು ಅಂತೀನಿ. ಹಾಕ್ಕೊಂಡು ರೊಟ್ಟಿ ಬಡಿ, ಕೊಡ ಹೊರು, ಹತ್ತಿ ಹೊಲದಾಗ ಬಗ್ಗಿ ಕಸಾ ತಗಿ. ಜ್ವಾಳ ಹಗುರ, ಒಳಗ ಕೂರಸೋದು ಇದಕ್ಕಿಂತ ಭಾರ ಇರತೈತಿ, ಅದನ್ನೂ ಲೆಕ್ಕಕ್ಕ ಹಿಡಿ ಅಂತ ಹೇಳಿ ಕಳಸ್ತೀನಿ." ಶಲವಡಿಯಿಂದ ಬಂದಿದ್ದ ನೀಲಾ (ಹೆಸರು ಬದಲಿಸಿದೆ) ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ ಇಷ್ಟು ದೊಡ್ಡದೇ ಬೇಕು ಎಂದಿದ್ದಳಂತೆ. ವಾರ ಬಿಟ್ಟು ಬಂದು ಚೀಲವನ್ನು ಟೇಬಲ್ಲಿನ ಮೇಲೆ ಎಸೆದಳು. "ಯಕ್ಕಾ, ಇದರಾಗ ಅರ್ಧ ತಗಿ. ಕಸಾ ತಗಿಯೂಮುಂದ ನನಗಿಂತ ಮೊದಲ ಇವ ನೆಲಾ ಮುಟ್ಟತಾವು."

ಜಮೀಲಾಬಿ ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ, ಎರಡು ಷರತ್ತಿನ ಮೇಲೆ. ಹೆಸರು ಬರೆಯಬಾರದು, ಮನೆಗೆ ಬರಬಾರದು. ಮನೆಗೆ ಬನ್ನಿ ಎಂದು ಫೋನು ಬಂದದ್ದು ಕಳೆದ ವಾರ. ನಡುವೆ ಏನಾಯಿತು ಎಂಬುದನ್ನು ಜಮೀಲಾಬಿ, ನಾಜಮೀನ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೇಳುತ್ತಾರೆ. ಮನೆಯ ಮಾತು ಉರ್ದು, ನನ್ನ ಸಲುವಾಗಿ ಕನ್ನಡ.

ಒಂದು ಮಂಗಳವಾರ, ನೀಲಾಳಿಗೆಂದು ಹೊಲಿದು ಮನೆಯ ಪೆಟ್ಟಿಗೆಯಲ್ಲಿಟ್ಟಿದ್ದ ಎರಡನೆಯ ಜೋಡಿಯನ್ನು ಜಮೀಲಾಬಿ ಕೈಗೆ ತೆಗೆದುಕೊಂಡರು. "ಕಟ್ಟಿಕೊಳ್ಳೋ ಲಾಡಿ ಬೆವರಿಗೆ ಹಸಿ ಇತ್ರಿ. ಜ್ವಾಳೆಲ್ಲಾ ಕೆಳಗ, ಬಲಕ್ಕ ಕುಂತಿತ್ತು. ರೊಟ್ಟಿ ಬಡಿದವ್ರ ಚೀಲ ಹಂಗ ಕುಂದರತಾವು. ಕುಬಿಹಾಳದಾಕಿ ಒಬ್ಬಾಕಿದೂ ಹಂಗ ಬಂದಿತ್ತು. ನಮ್ಮ ಮನ್ಯಾಗ ರೊಟ್ಟಿ ಬಡಿಯಾಕಿ ಒಬ್ಬಾಕಿನ." ಅಂದು ಸಂಜೆ ನಾಜಮೀನ್, ಶುಕ್ರವಾರ ಮಕ್ಕಳನ್ನು ನೋಡಿಕೊಳ್ಳಿ, ಹುಬ್ಬು ತೀಡಿಸಲು ಹುಬ್ಬಳ್ಳಿಯ ಪಾರ್ಲರಿಗೆ ಹೋಗಬೇಕು ಎಂದಳು. ಯಾವ ಪಾರ್ಲರು ಎಂದು ಕೇಳಿದಾಗ ಆಕೆ ಹೇಳಿದ ಹೆಸರು ಜಮೀಲಾಬಿ ಕೇಳಿದ್ದೇ. ಕೊಯ್ಯದೆ, ಹೊಲಿಗೆ ಹಾಕದೆ, ಬರೀ ಸೂಜಿ ಚುಚ್ಚಿ ಎದೆ ತುಂಬಿಸುತ್ತೇವೆ ಎನ್ನುವ ಜಾಗ ಅದು. ಅಲ್ಲಿಗೆ ಹೋದವರು ಗಡ್ಡೆಯಾಗಿ, ಕೀವು ತುಂಬಿ, ಈ ಕ್ಲಿನಿಕ್ಕಿಗೆ ಬಂದಾಗ ಬೋಗುಣಿ ಹಿಡಿದು ನಿಂತವರು ಇವರೇ.

"ಆಕಿ ಹೋದ್ರ ಏನಾಗತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ. ಬುಧವಾರ ಹೇಳಬೇಕಂತ ಬಾಜೂಕ ಹೋಗಿ ಕುಂತೆ. ಬ್ಯಾಳ್ಯಾಗ ಉಪ್ಪು ಹಾಕಿದ್ಯೇನ್ ಬೇಟಾ ಅಂತ ಕೇಳಿ ಎದ್ದು ಬಂದೆ. ಗುರುವಾರನೂ ಹಂಗ. ಊರ ಮಂದಿ ಎದಿ ಅಳತಿ ತಗೊಂಡಾಕಿ, ನನ್ನ ಸೊಸಿ ಮುಂದ ಎದಿ ಅನ್ನೋ ಅಕ್ಷರ ಹೊರಡಲಿಲ್ಲ."

ನಾಜಮೀನ್ ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಳ್ಳುತ್ತಾಳೆ. "ನನಗ ಭಾಳ ದಿನದಿಂದ ಗೊತ್ತಿತ್ರಿ. ಎಲುಬಿಗೆ ಹಂಥಾ ಆಕಾರ ಯಾಕ ಬೇಕು? ಆದ್ರ ಕೇಳೂದು ಹೆಂಗ? ಅತ್ತಿ ಮುಂದ ನಿಂತು ನನಗೂ ಒಂದ್ ಜೋಡಿ ಹೊಲೀರಿ ಅನ್ಲೇನು?" ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾಳೆ. "ಸಣ್ಣ ಕೂಸು ಮುಬಶಿರಾಗ ಹಾಲು ಬಿಡಿಸಿದ ಮ್ಯಾಲ ಜಂಪರೆಲ್ಲಾ ಜೋತ ಬಿದ್ದುವು. ಯಾರೂ ಏನೂ ಅಂದಿಲ್ರಿ. ನಮ್ಮ ಮನಿಯವ್ರಂತೂ ಒಂದ್ ಮಾತೂ ಅಂದಿಲ್ಲ. ಅದಕ್ಕ ಇನ್ನಷ್ಟು ನಾಚಿಕಿ. ಯಾರರ ಅಂದಿದ್ರ ಅವ್ರ ಮ್ಯಾಲ ಹಾಕಬಹುದಿತ್ತು. ಬೇಕಂತ ಅನ್ನಿಸಿದ್ದು ನನಗನ."

ಶುಕ್ರವಾರ ಬೆಳಿಗ್ಗೆ ಆಕೆ ಬುರ್ಖಾ ಹಾಕಿಕೊಂಡು ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಜಮೀಲಾಬಿ ಕೆಲಸಕ್ಕೆ ಹೋಗಿರಲಿಲ್ಲ. ಪೆಟ್ಟಿಗೆಯಿಂದ ಆ ಜೋಡಿ ತಂದು ಸೊಸೆಯ ಕೈಯಲ್ಲಿಟ್ಟರು. ಅಂದದ್ದು ಇಷ್ಟೇ: "ಇವು ಶಲವಡಿಯಾಕಿ ಅಳತಿವು ಬೇಟಾ. ನಿನ್ನ ಅಳತಿ ಬ್ಯಾರೆ. ಹೊಲಿಲೇನು?"

ನಾಜಮೀನ್ ಅಲ್ಲೇ ಹೊಸ್ತಿಲ ಮೇಲೆ ಕೂತು ನಕಾಬು ಇಳಿಸಿಕೊಂಡಳು. ಅದರ ಒಳಗಿಂದ ಅಳು ಕೇಳಿಸಿತು. ಜಮೀಲಾಬಿಗೂ ಅಳು ಬಂತು. ಗೋಡೆ ಕಡೆ ಮುಖ ಮಾಡಿ ಕೂತೆ ಎನ್ನುತ್ತಾರೆ, ಕ್ಲಿನಿಕ್ಕಿಗೆ ಬರುವವರು ಕೂರುವ ಹಾಗೆಯೇ. ಸೂಜಿಯ ಮಾತು, ಕೀವಿನ ಮಾತು ಗೋಡೆಗೇ ಹೇಳಿದರು. ಆಮೇಲೆ ಮಾತಾಡಿದವರು ಮಂಚದ ಮೇಲಿನ ಫಾತಿಮಾಬಿ.

"ಇಬ್ರೂ ಅತ್ತದ್ದು ಮುಗೀತೇನ್ಬೇ? ಎರಡು ವರ್ಷ ಆತು, ನಾನು ಇದನ್ನ ಮಣಕಾಲಿಗೆ ಕಟ್ಟಾಕತ್ತೀನಿ. ನನ್ನ ಮಣಕಾಲು ದುಂಡಗ ಅದಾವ ಖರೆ. ಇಷ್ಟು ದುಂಡಗ ಇಲ್ಲ. ಹೇಳಿದ್ರ ನಿಮಗ ನಾಚಿಕಿ ಆದೀತು ಅಂತ ಸುಮ್ಮನಿದ್ದೆ."

ಆ ಪಾರ್ಲರಿಗೆ ನಾಜಮೀನ್ ಹೋಗಲಿಲ್ಲ. ಮರುವಾರ ಅತ್ತೆಯ ಜೊತೆ ಕ್ಲಿನಿಕ್ಕಿಗೆ ಹೋಗಿ ಬಂದಳು. ಅಂದು ಜಮೀಲಾಬಿ, ತಾವು ನಿಂತು ಕೆಲಸ ಮಾಡುವ ಜಾಗದಲ್ಲಿ, ಮೊದಲ ಸಲ ಬೆಂಚಿನ ಮೇಲೆ ಕೂತರಂತೆ. ಚೀಟಿ ಬರೆಯುವವರು ಜೊತೆಗೆ ಬಂದವರು ಯಾರು ಎಂದು ಕೇಳಿದಾಗ, "ಅತ್ತಿ" ಎಂದು ನಾಜಮೀನಳೇ ಹೇಳಿದಳು. ಪರವೂರಿನಲ್ಲಿ ಕೆಲಸಕ್ಕಿರುವ ಗಂಡ ಅಕೀಲ್‌ಗೆ ತಾನೇ ಹೇಳುತ್ತೇನೆ, ಆದರೆ ಎಷ್ಟು, ಯಾವುದು ಎಂದು ತನಗೇ ಗೊತ್ತಾದ ಮೇಲೆ ಅನ್ನುತ್ತಾಳೆ. ಡಾಕ್ಟರಬಾಯಿಯೂ ಅವಸರವಿಲ್ಲ ಎಂದಿದ್ದಾರೆ. ಬೇಡ ಅನ್ನಿಸಿದರೆ ಅದೂ ಒಂದು ಆಯ್ಕೆಯೇ.

ಜಮೀಲಾಬಿ ಎರಡನೆಯ ಚೀಲದ ಬಾಯಿ ಹೊಲಿದು ದಾರ ಕಡಿಯುತ್ತಾರೆ. ಇವತ್ತಿನ ಜೋಡಿ ಯಾರಿಗೆ ಎಂದು ಕೇಳಿದರೆ, ರೊಟ್ಟಿ ಬಡಿಯುವವಳ ಕಡೆ ಗದ್ದ ತೋರಿಸುತ್ತಾರೆ. ಆಕೆ ಈಗ ಹಾಕಿಕೊಂಡಿರುವುದು ಮೊದಲನೆಯ ಅಳತೆ, ಅದು ಭಾರವಾಯಿತಂತೆ.

"ನಾಕು ರೊಟ್ಟಿಗೆ ಹೆಗಲು ಬಿದ್ದು ಹೋಗತೈತ್ರಿ," ಎನ್ನುತ್ತಾಳೆ ನಾಜಮೀನ್. "ಹಾಕಸ್ತೀನೋ ಬಿಡ್ತೀನೋ, ಇನ್ನೂ ಗೊತ್ತಿಲ್ಲ. ಕೇಳೂದರ ಕೇಳೀನಲ್ಲ."

"ಆಕಿ ಕೇಳಿಲ್ರಿ. ಚೀಲ ಹೇಳ್ತು," ಎಂದು ಜಮೀಲಾಬಿ ತಿದ್ದುತ್ತಾರೆ. ಬ್ಯಾಗು ಹೆಗಲಿಗೇರಿಸುತ್ತಾ ದನಿ ತಗ್ಗಿಸುತ್ತಾರೆ. "ಮಂದಿಗೆಲ್ಲಾ ಅಕ್ಕ ಆದೆ. ಮನ್ಯಾಗಿನ ಹುಡುಗಿ ನನ್ನ ಕೇಳೋದು ಬಿಟ್ಟು ಸೂಜಿ ಚುಚ್ಚಾಕಿ ಕಡೆ ಹೊಂಟಿದ್ಲು. ಎಲುಬಿನ ಸುಳ್ಳು ಹೇಳಿ ಹೇಳಿ ಬಾಗಲಾ ಹಾಕಿದಾಕಿ ನಾನ. ಆ ನಾಚಿಕಿ ಇನ್ನೂ ಇಳಿದಿಲ್ರಿ, ಇದು ನನ್ನ ಕೆಲಸದ ನಾಚಿಕಿಗಿಂತ ದೊಡ್ಡದು."

ಹೊರಗೆ ಬೆಳಕು ಹರಿಯುತ್ತಿದೆ. ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ನಿಂತು, ಅಕ್ಕಾ, ಬರೂಮುಂದ ನನ್ನ ಸೊಂಟಕ್ಕೊಂದು ಚೀಲ ತರ್ತೀಯೇನು ಎಂದು ಕೇಳುತ್ತಾಳೆ. ಜಮೀಲಾಬಿ ತರ್ತೀನಿ ಅನ್ನುತ್ತಾರೆ, ನಾಲ್ಕು ಹೆಜ್ಜೆ ಹೋಗುತ್ತಾರೆ, ನಿಲ್ಲುತ್ತಾರೆ. ತಿರುಗಿ ನನ್ನ ಹತ್ತಿರ ಬರುತ್ತಾರೆ.

"ಹೆಸರು ಬರೀರಿ. ನಂದೂ, ನನ್ನ ಸೊಸಿದೂ. ಆಕಿನೂ ಬರೀ ಅಂದಾಳ, ಅಕೀಲ್‌ಗ ಹೇಳಿದ ಮ್ಯಾಲ. ಎಲುಬಿನ ದವಾಖಾನಿ ಅಂತ ಮಾತ್ರ ಬರೀಬ್ಯಾಡ್ರಿ."