ಬಸ್ಸಿಗೆ ಬೇಕಾದ ಜನ

ನಮ್ಮೂರು ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ, ಕೇಳುತ್ತಿರುವವರು ಯಾರೆಂದು ನೋಡಿಕೊಂಡು ಉತ್ತರ ಹೇಳುವುದು ನನ್ನ ಅಭ್ಯಾಸ. ಚುನಾವಣೆಗೆ ನಿಂತವರು ಕೇಳಿದರೆ ದೊಡ್ಡದು. ಹೆಣ್ಣು ಕೊಡುವ ಕಡೆಯವರು ಕೇಳಿದರೆ ಇನ್ನೂ ದೊಡ್ಡದು. ಕಂದಾಯದವರು ಕೇಳಿದರೆ, ಪಾಪ, ನಾಲ್ಕು ಮನೆಯ ಹಳ್ಳಿ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಮುಖ್ಯರಸ್ತೆ ಬಿಟ್ಟು ಒಳಕ್ಕಿರುವ ಊರು ಇದು. ಇಲ್ಲೇ ಹುಟ್ಟಿ, ಇಲ್ಲೇ ಮೇಷ್ಟ್ರಾಗಿ, ಜನಗಣತಿಗೂ ಮನೆಮನೆ ಅಲೆದವನು ನಾನು. ಆದರೆ ಬಸ್ಸಿನವರು ಜನರನ್ನು ಎಣಿಸುವ ಪದ್ಧತಿಯೇ ಬೇರೆ. ಮನೆಯಲ್ಲಿರುವವರು ಅವರ ಲೆಕ್ಕಕ್ಕಿಲ್ಲ. ಸ್ಟಾಪಿನಲ್ಲಿ ನಿಂತವರು ಮಾತ್ರ ಜನ.

ಆ ಲೆಕ್ಕದಲ್ಲಿ ನಮ್ಮೂರು ಸೋತಿತು. ಗಂಡಸರಿಗೆಲ್ಲ ಬೈಕು ಬಂದಿದೆ. ನನಗೂ ಒಂದು ಸ್ಕೂಟರಿದೆ. ಅದು ಕೆಟ್ಟ ದಿನ ಮಾತ್ರ ಸಾರ್ವಜನಿಕ ಸಾರಿಗೆಯ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಬರುವ ಬಸ್ಸು ಹೆಚ್ಚುಕಮ್ಮಿ ಖಾಲಿ ಸೀಟುಗಳನ್ನೇ ನಂಜನಗೂಡಿಗೆ ಹೊತ್ತೊಯ್ಯುತ್ತಿತ್ತು. ಕೊನೆಗೊಂದು ದಿನ ಕಂಡಕ್ಟರ್ ಡಿಪೋದ ತೀರ್ಮಾನ ತಿಳಿಸಿದ: "ಒಂದ್ ತಿಂಗ್ಳು ನೋಡ್ತೀವಿ ಸಾ. ಬಸ್ ಅತ್ತೋ ಜನ ಇಲ್ದಿದ್ರೆ ಒಳಕ್ಕೆ ಬರಾಕಿಲ್ಲ, ಮೇನ್ ರೋಡ್‌ನಾಗೇ ಓಗ್ಬುಡ್ತೀವಿ."

ಪೆಟ್ಟು ಬೀಳುವುದಿದ್ದದ್ದು ಪಕ್ಕದ ಮನೆಯ ಸಿದ್ದಮ್ಮನ ಸೊಸೆ ಸವಿತಳಿಗೆ. ಅವಳಿಗೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಬೈಕು ಹತ್ತಿ ಮೈಸೂರಿಗೆ ಪಾಳಿಗೆ ಹೋಗುತ್ತಾನೆ. ಸಂಜೆ ಮುಖ್ಯರಸ್ತೆಯಲ್ಲಿಳಿದು, ಆಳೆತ್ತರದ ಕಬ್ಬಿನ ನಡುವೆ ಒಬ್ಬಳೇ ಊರಿಗೆ ನಡೆದು ಬರುವುದು ಆಗದ ಮಾತು. "ಬಸ್ ನಿಂತೋದ್ರೆ ಕೆಲ್ಸ ಬುಡ್ಬೇಕು ಕಣತ್ತೆ" ಎಂದು ಅವಳು ಅತ್ತಳಂತೆ. ಸೊಸೆ ಕೆಲಸಕ್ಕೆ ಸೇರಿದಾಗ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ ಸಿದ್ದಮ್ಮ ಈಗ ಒಳಗೊಳಗೇ ಖುಷಿಪಟ್ಟಾಳೆಂದು ನಾನು ಎಣಿಸಿದೆ. ಮೇಷ್ಟ್ರುಗಳ ಎಣಿಕೆ!

ಸಿದ್ದಮ್ಮ ಮನೆಮನೆಗೆ ಹೋದಳು. "ಜನ ತಾನೇ ಬೇಕು? ನಾವೇನು ಜನ ಅಲ್ವಾ? ಎಂಗೂ ಎಂಗಸ್ರಿಗೆ ಫ್ರೀ. ನಡೀರಿ ಓಗಾನ."

ಮರುದಿನ ಬೆಳಿಗ್ಗೆ ಒಂದು ಬೀದಿಯ ಹೆಂಗಸರೆಲ್ಲ ಆಧಾರ್ ಕಾರ್ಡ್ ಹಿಡಿದು ಬಸ್ಸು ತುಂಬಿದರು. ಬೀಗರೂಟಕ್ಕೆ ಹೊರಟಿದ್ದಾರೆಂದೇ ಕಂಡಕ್ಟರ್ ತಿಳಿದ. ನಂಜನಗೂಡಿನ ನಿಲ್ದಾಣದಲ್ಲಿ ಸವಿತ ಇಳಿದು ಹೋದಳು; ಉಳಿದವರು ಕದಲಲಿಲ್ಲ.

"ಇಳೀರಮ್ಮಾ, ನಂಜನಗೂಡು ಬಂತು."

"ನೀನ್ ತಿರುಗ್ಸಪ್ಪಾ. ನಾವು ವಾಪಸ್ ಓಗೋರು."

"ಇದು ಈಗ ಮೈಸೂರಿಗೆ ಓಯ್ತದೆ ಕಣಮ್ಮೋ. ನಿಮ್ಮೂರ್ಗೆ ಸಂಜೆಗೇ!"

ಬಸ್ಸು ಹತ್ತುವುದನ್ನು ಯೋಚಿಸಿದವರು ಹಿಂದಿರುಗುವುದನ್ನು ಯೋಚಿಸಿರಲಿಲ್ಲ. ಅಷ್ಟೂ ಜನ ಹೆಂಗಸರ ಕೈಗೆ ಇಡೀ ಒಂದು ಹಗಲು ಹಾಗೆ ಸುಮ್ಮನೆ ಸಿಕ್ಕಿಬಿಟ್ಟಿತು. ಕಪಿಲೆಯಲ್ಲಿ ಕಾಲು ನೆನೆಸಿದರು, ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿಂದರು. ಊರಿನಲ್ಲಿ ಗಂಡಸರು ಮಧ್ಯಾಹ್ನ ಏನು ತಿಂದರೆಂಬ ವಿಷಯಕ್ಕೆ ನಾನು ಹೋಗುವುದಿಲ್ಲ. ನನ್ನ ಮನೆಯೂ ಅದೇ ಬೀದಿಯಲ್ಲಿದೆ.

ಸಿದ್ದಮ್ಮ ಮಾತ್ರ ದಾರಿ ಕೇಳಿಕೊಂಡು ಫ್ಯಾಕ್ಟರಿಯ ಗೇಟಿಗೆ ಹೋದಳಂತೆ. ಊಟದ ಹೊತ್ತು. ತಲೆಗೆ ಟೋಪಿ ಹಾಕಿದ್ದ ಸವಿತ ಗೆಳತಿಯರ ನಡುವೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅತ್ತೆ ಮಾತಾಡಿಸದೆ ಹಿಂದಿರುಗಿದಳು. "ನಮ್ಮನೇಲಿ ಅವ್ಳು ಒಂದ್ ದಿನಾನೂ ಅಂಗೆ ನಕ್ಕಿಲ್ಲ ಮೇಷ್ಟ್ರೇ" ಎಂದು ನನಗೆ ಹೇಳುವಾಗ ಆಕೆಯ ದನಿ ಸಣ್ಣಗಾಗಿತ್ತು. ನನಗೂ ಸಂಕಟವಾಯಿತು.

ದಿನಕ್ಕೊಂದು ಬೀದಿಯವರು ಸರದಿಯಂತೆ ಹೊರಟು ಆ ತಿಂಗಳು ಕಳೆಯಿತು. ಬಸ್ಸು ಉಳಿಯಿತು, ಸವಿತಳ ಕೆಲಸವೂ ಉಳಿಯಿತು. ಊರಿನ ಜನಸಂಖ್ಯೆಯೇನೂ ಹೆಚ್ಚಿರಲಿಲ್ಲ. ಇದ್ದವರೇ ಹೊರಗೆ ಬಂದಿದ್ದರು, ಅಷ್ಟೆ.

ಮೊನ್ನೆ ನೋಡಿದರೆ ಸಿದ್ದಮ್ಮ ಒಳ್ಳೆಯ ಸೀರೆಯುಟ್ಟು ಮತ್ತೆ ಸ್ಟಾಪಿನಲ್ಲಿ ನಿಂತಿದ್ದಾಳೆ.

"ಬಸ್ಸು ಉಳೀತಲ್ಲ ಸಿದ್ದಮ್ಮ. ಇವತ್ತೇನು ಕೆಲಸ?"

"ಏನೂ ಇಲ್ಲ."

"ಮತ್ತೆ?"

"ಗಂಡುಸ್ರು ದಿನಾ ಬೈಕ್ ಅತ್ಕೊಂಡು ಓಯ್ತಾರಲ್ಲ ಮೇಷ್ಟ್ರೇ, ಏನ್ ಕೆಲ್ಸ ಅಂತ ಅವ್ರನ್ನ ಯಾವತ್ತಾರ ಕೇಳಿದ್ದೀರಾ?"