ಹತ್ತನೆಯ ಕಪ್ಪು

ನಮ್ಮ ಕಾಲುವೆಯ ಮೇಲೆ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ದೋಣಿ ಹೋಗುತ್ತಿದ್ದುದು ಚವೀಯ ಕಟ್ಟೆಗೆ. ಭಿಕ್ಷುಗಳನ್ನು ಕರೆಯುವುದು ಆಮೇಲೆ, ಬೆಕ್ಕನ್ನು ಕೇಳುವುದು ಮೊದಲು.

ಮದುವೆಯ ಹಾಸಿಗೆ ಹಾಸುವಾಗ ಅದರ ಮೇಲೆ ಬೂದುಗುಂಬಳ ಇಡಬೇಕು, ಅರೆಯುವ ಕಲ್ಲು ಇಡಬೇಕು, ಒಂದು ಬೆಕ್ಕನ್ನೂ ಮಲಗಿಸಬೇಕು. ಸಂಸಾರ ಕುಂಬಳದ ಹಾಗೆ ತಣ್ಣಗಿರಲಿ, ಕಲ್ಲಿನ ಹಾಗೆ ಅಲುಗದಿರಲಿ, ಬೆಕ್ಕಿನ ಹಾಗೆ ಮನೆಗೆ ಅಂಟಿಕೊಂಡಿರಲಿ ಎಂದು. ಯಾವ ಬೆಕ್ಕಾದರೂ ಆದೀತು ಎನ್ನುವ ಊರುಗಳಿವೆ. ನಮ್ಮ ಕಾಲುವೆಯವರ ಮೂಗು ಸ್ವಲ್ಪ ಮೇಲೆ. ನಮಗೆ ವಿಚಿಯನ್‌ಮಾತ್ ಆಗಬೇಕು. ಹೊರದೇಶದವರು ಸಯಾಮಿ ಬೆಕ್ಕು ಅನ್ನುತ್ತಾರಲ್ಲ, ಅದು. ಕೆನೆಯ ಮೈ, ನೀಲಿ ಕಣ್ಣು, ಒಂಬತ್ತು ಕಡೆ ಕಪ್ಪು: ಮುಖ, ಎರಡು ಕಿವಿ, ನಾಲ್ಕು ಪಾದ, ಬಾಲ, ಬಾಲದ ಬುಡದ ಮರ್ಮ. ಎಂಟಿದ್ದರೆ ಆಗದು, ಹತ್ತಿದ್ದರೂ ಆಗದು.

ಆ ಬೆಕ್ಕುಗಳು ಚವೀಯ ತಾಯಿಯ ಕಾಲದಿಂದ ಅವರ ಮನೆಯಲ್ಲೇ ಹುಟ್ಟಿ ಬೆಳೆದವು. ಹುಟ್ಟುವಾಗ ಮರಿ ಬಿಳಿ ಬಿಳಿ. ಕಪ್ಪು ಆಮೇಲೆ ಬರುತ್ತದೆ, ಮೊದಲು ಕಿವಿಯ ಅಂಚಿಗೆ, ಕಡೆಗೆ ಕಾಲಿಗೆ. ಅಲ್ಲಿಯವರೆಗೆ ಚವೀ ಯಾರಿಗೂ ಮರಿ ಕೊಡುತ್ತಿರಲಿಲ್ಲ.

ಚವೀಯ ಕಸುಬು ತೆಂಗಿನ ಬೆಲ್ಲ. ಹೊಂಬಾಳೆ ಸೀಳಿ ಇಳಿಸಿದ ಸಿಹಿ ನೀರನ್ನು ದೊಡ್ಡ ಬಾಣಲೆಗಳಲ್ಲಿ ಕುದಿಸಿ, ಕಡೆದು, ಅಚ್ಚಿಗೆ ಹೊಯ್ಯುವುದು. ಮರ ಹತ್ತುವವನಿಗೆ ಮರ ಇಳಿದ ಮೇಲೆ ಬಿಡುವಿದೆ, ಒಲೆಯ ಮುಂದಿನವಳಿಗೆ ಅದೂ ಇಲ್ಲ. ಅವಳನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣಿಗೆ ಬರುವುದು ಹೊಗೆಗೆ ಕೆಂಪಾದ ಎರಡು ಕಣ್ಣು, ಸೊಂಟಕ್ಕೆ ಕಟ್ಟಿದ ಒದ್ದೆ ಬಟ್ಟೆ, ಮಡಚಲು ಬಾರದ ಮೊಣಕಾಲು.

ಗಂಡ ಮದುವೆಯಾದ ವರ್ಷವೇ ಉಪ್ಪಿನ ದೋಣಿ ಹತ್ತಿ ಹೋದವನು. ಸತ್ತ ಸುದ್ದಿಯೂ ಬರಲಿಲ್ಲ, ಬದುಕಿದ ಸುದ್ದಿಯೂ ಬರಲಿಲ್ಲ. ಹಾಸಿಗೆ ಹಾಸುವ ಕೋಣೆಗೆ ಬಹುಕಾಲ ಕೂಡಿ ಬಾಳಿದ ಗಂಡಹೆಂಡಿರು ಮಾತ್ರ ಹೋಗಬಹುದು. ಹಾಗಾಗಿ ಕಾಲುವೆಯ ಪ್ರತಿ ಮದುವೆಯಲ್ಲೂ ಅವಳು ಬೆಕ್ಕನ್ನು ಎತ್ತಿಕೊಂಡು ಬಂದು, ಹೊಸ್ತಿಲಿನ ಈಚೆ ನಿಂತು, ಆಚೆಗೆ ಚಾಚುತ್ತಿದ್ದಳು. ಆಚೆಯಿಂದ ಕೈ ನೀಡಿ ತೆಗೆದುಕೊಳ್ಳುತ್ತಿದ್ದವನು ಹೆಚ್ಚಾಗಿ ನಾನೇ. ನನ್ನ ಹೆಂಡತಿ ತೊಂಗ್‌ಬಾಯಿ ಹಾಸಿಗೆ ತಟ್ಟುವಳು, ನಾನು ಬೆಕ್ಕು ಇಳಿಸುವವನು. ಚವೀ ನೆಲ ನೋಡುತ್ತ ನಿಂತಿರುವಳು. ಒಂದು ಸಲವೂ ಒಳಗೆ ಕಣ್ಣು ಹಾಯಿಸಿದ್ದನ್ನು ನಾನು ಕಾಣೆ.

ಕಡೆಗೆ ಆ ಮನೆಯಲ್ಲಿ ಉಳಿದದ್ದು ಮಲಿ ಎಂಬ ಒಂದೇ ಬೆಕ್ಕು. ಮಲಿ ಎಂದರೆ ಮಲ್ಲಿಗೆ. ಬಾಲದ ತುದಿಯಲ್ಲಿ ಸಣ್ಣ ಸೊಟ್ಟ, ಒಂದು ಕಣ್ಣು ತುಸು ಮೂಗಿನ ಕಡೆಗೆ. ಆ ಜಾತಿಗೆ ಅದು ಊನವಲ್ಲ, ವಂಶದ ಗುರುತು. ಮತ್ತೆ ಅದರ ಗಂಟಲು! ಕೂಸು ಅತ್ತ ಹಾಗೆ ಕೂಗುತ್ತಿತ್ತು. ಚವೀ ಬಾವಿಗೆ ಹೋದರೆ ಹಿಂದೆ, ಸೌದೆಗೆ ಹೋದರೆ ಹಿಂದೆ. ಬಾಗಿಲು ಮುಚ್ಚಿದರೆ ಕಾಲುವೆಯ ಆಚೆ ದಡಕ್ಕೆ ಕೇಳುವಂತೆ ದೂರು. ಚವೀಯೂ ಸುಮ್ಮನಿರುವವಳಲ್ಲ.

“ಬಂದೆ ಕಣೆ, ಬಂದೆ! ಮನೆ ಯಜಮಾನಿ ನೀನಾ ನಾನಾ?”

“ಮ್ಯಾಂವ್.”

“ಸರಿ, ನೀನೇ.”

ಮೊಣಕಾಲು ಪೂರ್ತಿ ಕೈಕೊಟ್ಟ ವರ್ಷ ಅವಳು ಒಲೆ ಆರಿಸುವುದೆಂದು ತೀರ್ಮಾನಿಸಿದಳು. ಮೇಕ್ಲೊಂಗ್ ಪೇಟೆಯಲ್ಲಿ ತಮ್ಮನಿದ್ದ. ಬಾ ಅಕ್ಕ, ಒಂದು ಚಾಪೆಗೆ ಜಾಗವಿದೆ ಎಂದಿದ್ದ. ಆದರೆ ಅವನು ಹಾಡುವ ಕಪೋತ ಹಕ್ಕಿಗಳನ್ನು ಸಾಕುವವನು, ಸೂರಿನ ತುಂಬ ಪಂಜರ. ಬೆಕ್ಕು ಆ ಬೀದಿಯನ್ನೂ ತುಳಿಯುವಂತಿಲ್ಲ.

“ಪೀ,” ಎಂದಳು ನನಗೆ. ಹಿರಿಯರನ್ನು ನಾವು ಕರೆಯುವುದು ಹಾಗೆ. “ಮಲಿಗೊಂದು ಮನೆ ಆಗ್ಬಿಟ್ರೆ ನಾನು ಮಲಗ್ತೀನಿ. ಸಾಯೋದಲ್ಲ ಪೀ, ಬರೀ ಮಲಗೋದು. ಎಷ್ಟು ಕಾಲ ಆಯ್ತೋ ಬೆಳಗಾದ್ಮೇಲೂ ಮಲಗಿದ್ದು.”

ಮನೆ ಅವಳ ಮನಸ್ಸಿನಲ್ಲೇ ಇತ್ತು. ಪಕ್ಕದ ತೋಟದ ಉರೈ, ಅವಳ ಒಲೆಯ ಮುಂದೆ ಬೆಲ್ಲ ನೆಕ್ಕುತ್ತ ಬೆಳೆದ ಹುಡುಗಿ, ಅವಳ ಮದುವೆ ಗೊತ್ತಾಗಿತ್ತು. ಹಾಸಿಗೆಯ ಮೇಲೆ ಬೆಕ್ಕು ತಾನಾಗಿ ಮಲಗಿಬಿಟ್ಟರೆ ಅದನ್ನು ಆ ಮನೆಗೇ ಬಿಟ್ಟುಬರುವುದು ಚವೀಯ ತಾಯಿ ಹಾಕಿದ ಕಟ್ಟಳೆ. ಮಲಿಗೆ ಉರೈಯ ಮಡಿಲು ಹೊಸದಲ್ಲ. ಮಲಗೀತು.

ಅಷ್ಟರಲ್ಲಿ ನಾಯಿಯೊಂದು ಮಲಿಯ ಪಕ್ಕೆಗೆ ಬಾಯಿ ಹಾಕಿತು. ಗಾಯಕ್ಕೆ ಮದ್ದು ಹಚ್ಚಲು ದನದ ಡಾಕ್ಟರು ಅಂಗೈಯಗಲ ಕೂದಲು ಬೋಳಿಸಿದರು. ಗಾಯ ಮಾಯಿತು. ಚಳಿಗಾಲವಿದ್ದರೂ ಒಲೆ ಆಗಲೇ ತಣ್ಣಗಾಗಿತ್ತು, ಬೆಕ್ಕಿಗೆ ಕಾಸಿಕೊಳ್ಳಲು ಬಿಸಿ ಬೂದಿಯೂ ಇರಲಿಲ್ಲ. ಬೋಳಿಸಿದಲ್ಲಿ ಹೊಸ ಕೂದಲು ಬಂತು. ಬಂದದ್ದು ಕೆನೆಯ ಬಣ್ಣವಲ್ಲ, ಇದ್ದಿಲ ಬಣ್ಣ. ಯಾರೋ ಮಸಿಗೈಯಿಂದ ಹೊಡೆದ ಹಾಗೆ.

ವರನ ಅಜ್ಜಿ ಪ್ರಯೊಂಗ್ ಬೆಕ್ಕು ನೋಡಲು ತಾನೇ ದೋಣಿಯಲ್ಲಿ ಬಂದಳು. ಬಾಯಲ್ಲಿ ವೀಳ್ಯ. ಮಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕೆಯ ಹತ್ತಿರ ಬಂದಾಗ ಅಗಿಯುವುದನ್ನು ನಿಲ್ಲಿಸಿದಳು.

“ಇದೇನೇ ಚವೀ, ಹತ್ತನೇದು?”

“ಗಾಯದ ಕಲೆ ಅಜ್ಜಿ. ಹೋಗತ್ತೆ.”

“ಕಲೆ ಚರ್ಮದಲ್ಲಿರತ್ತೆ, ಕೂದಲಲ್ಲಿರಲ್ಲ. ನನ್ನ ಮೊಮ್ಮಗನ ಹಾಸಿಗೆಗೆ ಲೆಕ್ಕ ತಪ್ಪಿದ ಬೆಕ್ಕು ಬೇಡ. ನಿಮ್ಮಮ್ಮ ಇದ್ದಿದ್ರೆ ತಾನೇ ಬೇಡ ಅಂತಿದ್ಲು.”

ಚವೀ ಬೆಕ್ಕನ್ನು ಮರಳಿ ಎತ್ತಿಕೊಂಡಳು. ತಾಯಿ ಬೇಡ ಎನ್ನುತ್ತಿದ್ದುದು ನಿಜ. ಆ ಕಪ್ಪು ಎಲ್ಲಿಂದ ಬಂತೆಂದು ಅವಳಿಗೂ ತಿಳಿಯದು, ನಮಗಾರಿಗೂ ತಿಳಿಯದು. ಪ್ರಯೊಂಗಜ್ಜಿ ಏಳುವಾಗ, “ಹಾಸಿಗೆ ದಿನದ ಹೊತ್ತಿಗೆ ಹೋದ್ರೆ ತಗೊಂಬಾ, ಇಲ್ದಿದ್ರೆ ನಮ್ಮ ಕೆಂಚ ಇದಾನೆ. ತಪ್ಪು ಲೆಕ್ಕಕ್ಕಿಂತ ಲೆಕ್ಕವೇ ಇಲ್ಲದ್ದು ವಾಸಿ,” ಎಂದು ಹೇಳಿ ಹೋದಳು. ಕೆಂಚ ಅವರ ಮನೆಯ ಮೀನುಗಳ್ಳ ಬೆಕ್ಕು.

ಹಾಸಿಗೆಯ ದಿನ ಬಂತು. ಕಪ್ಪು ಹೋಗಿರಲಿಲ್ಲ. ಬೆಳಿಗ್ಗೆ ನಾವು ಹೋಗಿ ನೋಡಿದರೆ ಚವೀ ಕಟ್ಟೆಯ ಮೇಲೆ ಕೂತು ತಟ್ಟೆಯಲ್ಲಿ ಬಿಳಿ ಸುಣ್ಣಮಣ್ಣು ಕಲಸುತ್ತಿದ್ದಳು. ಬೇಸಿಗೆಯಲ್ಲಿ ತಂಪಿಗೆಂದು ನಾವು ಕೆನ್ನೆಗೆ ಬಳಿದುಕೊಳ್ಳುವುದು, ಅದೇ.

“ಬೆಕ್ಕಿಗೆ ಶೃಂಗಾರವಾ?” ಎಂದಳು ತೊಂಗ್‌ಬಾಯಿ.

“ನಗಬೇಡ. ನಂಗೆ ನಗೋಕೂ ಆಗ್ತಿಲ್ಲ.”

“ಅಷ್ಟು ನೀರು ಹಾಕಿದ್ರೆ ಇಳಿದುಹೋಗತ್ತೆ. ಕೊಡು ಇಲ್ಲಿ.” ನನ್ನ ಹೆಂಡತಿ ತಟ್ಟೆ ಕಸಿದುಕೊಂಡು ಚಿಟಿಕೆ ಗಂಧದ ಪುಡಿ ಸೇರಿಸಿದಳು. ಕೆನೆಯ ಬಣ್ಣ ಬಂತು. ಹಚ್ಚಿದರು, ಊದಿ ಒಣಗಿಸಿದರು. ದೂರದಿಂದ ನೋಡಿದರೆ ಒಂಬತ್ತೇ.

ವರನ ಮನೆಯ ಕೋಣೆಯಲ್ಲಿ ಹೊಸ ಗುಲಾಬಿ ಬಣ್ಣದ ಹೊದಿಕೆ. ಕುಂಬಳ ಇಟ್ಟೆವು, ಕಲ್ಲು ಇಟ್ಟೆವು. ಚವೀ ಹೊಸ್ತಿಲಿನ ಈಚೆಯಿಂದ ಮಲಿಯನ್ನು ಚಾಚಿದಳು. ಚಾಚಿದ್ದು ನೂರು ಸಲವಾದರೂ ಮರಳಿ ಪಡೆಯಬಾರದೆಂದು ಚಾಚಿದ್ದು ಅದೇ ಮೊದಲು. ನಾನು ಇಳಿಸಿದೆ. ಉರೈ ಹಾಸಿಗೆಯ ಪಕ್ಕ ಕೂತು ಮೆಲ್ಲಗೆ ಕತ್ತು ಕೆರೆದಳು. ಮಲಿ ಒಂದು ಸುತ್ತು ಸುತ್ತಿ, ಕುಂಬಳಕ್ಕೆ ಒರಗಿ ಮಲಗಿತು.

“ಮಲಗ್ತು ಪೀ?” ಹೊರಗಿನಿಂದ ಕೇಳಿದಳು, ನೆಲ ನೋಡುತ್ತಲೇ.

“ಮಲಗ್ತು.”

ಅವಳು ಕೈಮುಗಿದು ತಿರುಗಿದಳು. ಕಾಲುವೆಯ ಬದಿಯ ಹಲಗೆಯ ದಾರಿಯ ಮೇಲೆ ಅವಳ ಕುಂಟು ಕಾಲಿನ ಸದ್ದು ದೂರವಾಗುತ್ತಿದ್ದಂತೆ ಮಲಿ ತಲೆ ಎತ್ತಿತು. ಆಮೇಲೆ ಅದು ಕೂಗಿದ ಕೂಗು! ಮದುವೆ ಮನೆಯ ಅಡಿಗೆಯವರು ಸಾರಿನ ಸೌಟು ಹಿಡಿದುಕೊಂಡೇ ಓಡಿಬಂದರು. ಉರೈ ತಬ್ಬಿಕೊಂಡಳು, ಜಾರಿತು. ನಾನು ಹಿಡಿದೆ, ಪರಚಿತು. ಸುಣ್ಣಮಣ್ಣೆಲ್ಲ ಉದುರಿ ಗುಲಾಬಿ ಹೊದಿಕೆಯ ಮೇಲೆ ಹಿಟ್ಟು ಚೆಲ್ಲಿದಂತಾಯಿತು. ಮಲಿ ಹೊಸ್ತಿಲು ಹಾರಿ, ಹಲಗೆಯುದ್ದಕ್ಕೂ ಓಡಿ, ಚವೀಯ ಸೀರೆಯಂಥ ಸುತ್ತುಬಟ್ಟೆಗೆ ಉಗುರು ಹಾಕಿ ನೇತುಬಿದ್ದಿತು. ಪಕ್ಕೆಯ ಕಪ್ಪು ಎಲ್ಲರ ಕಣ್ಣಿಗೆ ಬಿತ್ತು.

ಪ್ರಯೊಂಗಜ್ಜಿ ಕೋಲೂರಿಕೊಂಡು ಬಂದು ಚವೀಯ ಮುಂದೆ ನಿಂತಳು.

“ಸುಣ್ಣ ಬಳಿದ್ಯಾ?”

“ಬಳಿದೆ ಅಜ್ಜಿ.”

“ನಾಚಿಕೆ ಆಗ್ಲಿಲ್ವಾ?”

“ಸುಸ್ತಾಗಿತ್ತು ಅಜ್ಜಿ.”

ಮುದುಕಿ ಬೆಕ್ಕಿನ ಕಡೆ ನೋಡಿದಳು. ಅದು ಚವೀಯ ಹೆಗಲೇರಿ ಕಿವಿಯಲ್ಲಿ ಏನೋ ಬೈಯುತ್ತಿತ್ತು.

“ಹತ್ತಾದ್ರೂ ಇರ್ಲಿ, ಹನ್ನೊಂದಾದ್ರೂ ಇರ್ಲಿ. ಹಾಸಿಗೆಗೆ ಬೇಕಾದ್ದು ಮನೆ ಹಿಡಿಯೋ ಬೆಕ್ಕು. ಇದು ಮನೆ ಹಿಡಿಯೋದಲ್ಲ ಕಣೇ, ನಿನ್ನ ಹಿಡಿದಿರೋದು. ಇದನ್ನ ಯಾರಿಗೆ ಕೊಡ್ತೀಯ ನೀನು? ಕರ್ಕೊಂಡು ಹೋಗು. ಲೇ, ಕೆಂಚನ್ನ ಹಿಡ್ಕೊಂಬನ್ರೋ!”

ಕೆಂಚ ಹಾಸಿಗೆಯ ಮೇಲೆ ಬಿದ್ದವನೇ ಗೊರಕೆ ಹೊಡೆದ.

ಚವೀಯನ್ನು ನಾನೇ ದೋಣಿಯಲ್ಲಿ ಬಿಟ್ಟುಬಂದೆ. ಕಟ್ಟೆ ಹತ್ತಿದವಳು ಒಲೆಯ ಮುಂದೆ ಕೂತು ತಣ್ಣಗಿನ ಬೂದಿಯಲ್ಲಿ ಕೈಯಾಡಿಸಿದಳು.

“ತಮ್ಮನಿಗೆ ಬರಲ್ಲ ಅಂತ ಹೇಳ್ಬಿಡಿ ಪೀ.”

“ಹೊಟ್ಟೆಗೆ?”

“ಒಂದು ಬಾಣಲೆ ಸಾಕು. ದೊಡ್ಡವೆಲ್ಲ ಮಾರ್ಬಿಡ್ತೀನಿ.” ಮಲಿಯ ಕಡೆ ತಿರುಗಿ, “ಮಲಗೋಣ ಅಂದ್ರೆ ಬಿಡಲ್ವಲ್ಲೇ ನೀನು,” ಎಂದಳು. ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಹಚ್ಚಿದಳು.

ಆಮೇಲೆ ಉರೈಯ ಗಂಡ ತನ್ನ ತೆಂಗಿನ ಮರಗಳ ಸಿಹಿ ನೀರಿನಲ್ಲಿ ಒಂದು ಪಾಲು ಅವಳ ಕಟ್ಟೆಗೆ ಇಳಿಸಿ ಹೋಗುತ್ತಿದ್ದ. ಮಲಿ ಮತ್ತೆ ಒಲೆಯ ಬದಿಗೆ ಬಿತ್ತು. ಬೇಸಿಗೆಯಲ್ಲಿ ಹಳೆಯ ಕೂದಲು ಉದುರಿ ಹೊಸದು ಬಂದಾಗ, ಚಳಿಗೆ ಬಂದದ್ದು ಒಲೆಯ ಬಿಸಿಗೆ ಹೋಯಿತೋ ಏನೋ, ಪಕ್ಕೆಯ ಕಪ್ಪು ಮಾಯವಾಗಿತ್ತು. ನಾನು ಹೋಗಿ ಹೇಳಿದೆ: “ಚವೀ, ನೋಡೇ, ಒಂಬತ್ತೇ ಆಯ್ತು.”

ಅವಳು ಸೌಟಿನಿಂದ ಕಣ್ಣು ತೆಗೆಯಲಿಲ್ಲ. “ಆಗ್ಲಿ ಬಿಡಿ ಪೀ. ಪಾಕ ಬಂತು, ಅಚ್ಚು ಇತ್ತ ಕೊಡಿ.”